ಸಾಹೇಬರ ತಟ್ಟೆ ತೊಳೆದವರು

ಪರರ ಎಂಜಲಿಗೆ ನಮ್ಮ ಕಾಕಾನಷ್ಟು ಆಸೆಪಟ್ಟ ಮನುಷ್ಯ ಇಡೀ ಮಹಾರಾಷ್ಟ್ರದಲ್ಲಿ ಇನ್ನೊಬ್ಬನಿರಲಾರ! ಹಾಗೆಂದು ಮನೆಯಲ್ಲಿ ಊಟಕ್ಕೆ ಕೊರತೆ ಎಂದುಕೊಳ್ಳಬೇಡಿ. ಅವರ ಹೆಂಡತಿ, ನಮ್ಮ ಕಾಕು, ಬಡಿದ ಜೋಳದ ರೊಟ್ಟಿಯನ್ನು ಶೇಂಗಾ ಹಿಂಡಿಯೊಂದಿಗೆ ತಿಂದವರು ಅಂಥ ಅಪವಾದ ಹೊರಿಸಲಾರರು. ಕಾಕಾನಿಗೆ ಬೇಕಾದದ್ದು ಬ್ರಿಟಿಷರು ಉಂಡು ಬಿಸಾಡಿದ ತಟ್ಟೆಯ ಚೂರುಗಳು.

ಬೀದರ್ ಕಡೆಯಿಂದ ಬಂದು ಛತ್ರಪತಿ ಸಂಭಾಜಿನಗರದ ಹಳೆಯ ಬ್ರಿಟಿಷ್ ದಂಡಿನ ಛಾವಣಿಯ, ಅಂದರೆ ಕಂಟೋನ್ಮೆಂಟಿನ, ಪಕ್ಕದಲ್ಲಿ ಮನೆ ಮಾಡಿದವರು ಅವರು. ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಉಳಿದವರು ವಾಕಿಂಗಿಗೆ ಹೋದರೆ ಇವರು ತಿಪ್ಪೆಗೆ ಹೋಗತೊಡಗಿದರು! ಕೇಳಿದರೆ, "ಅರಮನಿ ಸುಳ್ಳ ಹೇಳ್ತದೋ ತಮ್ಮಾ, ತಿಪ್ಪಿ ಹೇಳಂಗಿಲ್ಲ" ಎನ್ನುತ್ತಿದ್ದರು.

ಕಾಕುವಿನದು ಬೇರೆಯೇ ಶಾಸ್ತ್ರ. "ಮಾಂಸ ತಿಂದ ತಟ್ಟಿ! ಲಿಂಗಪೂಜಿ ನಡಿಯೋ ಮನಿರೀ ಇದು. ಒಂದು ಚೂರು ಹೊಸ್ತಿಲು ದಾಟ್ಲಿ, ನೋಡ್ತೀನಿ!" ಹೀಗಾಗಿ ವಸ್ತುಸಂಗ್ರಹಾಲಯ ವರಾಂಡದ ಚಪ್ಪಲಿ ಸ್ಟ್ಯಾಂಡಿನಲ್ಲೇ ಸ್ಥಾಪನೆಯಾಯಿತು. ಸಾಹೇಬರ ಸೋಡಾ ಬಾಟಲಿಗಳ ಕುತ್ತಿಗೆಗಳು ನೆರಳಿನಲ್ಲಿ, ನಮ್ಮ ಚಪ್ಪಲಿಗಳು ಬಿಸಿಲಿನಲ್ಲಿ.

ನಾನಿರುವುದು ನಾಶಿಕದಲ್ಲಿ. ಬಂದ ನೆಂಟರೆಲ್ಲ ಗೋದಾವರಿಯಲ್ಲಿ ಮುಳುಗೇಳುತ್ತಾರೆ. ಕಾಕಾ ಬಂದವರೇ, "ಇಲ್ಲೇ ಬಾಜೂಕ ದೇವಳಾಲಿ ಛಾವಣ್ಯಾಗ ಹಳೀ ಕಸದ ಗುಂಡಿ ಎಲ್ಲವ?" ಎಂದು ಕೇಳಿದರು. ಕಾಕು ಮಾತ್ರ ಯಾರೊಂದಿಗೂ ಮಾತಾಡಲಿಲ್ಲ. ಆದದ್ದೇನೆಂದರೆ, ದಾರಿಯಲ್ಲಿ ಯೇವಲಾದಲ್ಲಿ ಇಳಿದು ಅವರು ಪೈಠಣಿ ಸೀರೆಯ ಸೆರಗು ಬಿಡಿಸಿ ನೋಡುವಷ್ಟರಲ್ಲಿ ಕಾಕಾ ಮಾಯ! ಕೊನೆಗೆ ಸಿಕ್ಕಿದ್ದು ಅಂಗಡಿಯ ಹಿಂದೆ ಪೈಪಿಗಾಗಿ ತೋಡಿದ ಗುಂಡಿಯೊಳಗೆ. ಸೀರೆ ಅಂಗಡಿಯಲ್ಲೇ ಉಳಿಯಿತು. ಕಾಕು ಮುನಿಸಿಕೊಂಡದ್ದು ಕಾಕಾನ ಗಮನಕ್ಕೆ ಬಂದದ್ದು ಮೂರನೆಯ ದಿನ.

ಒಮ್ಮೆ ನಾನು ಅವರ ಮನೆಗೆ ಹೋಗಿದ್ದಾಗ ನೀಲಿ ಹೂವಿನ ಕಪ್ಪಿನ ಚೂರೊಂದು ಸಿಕ್ಕಿತು. ಯಾವ ಕರ್ನಲ್ಲನ ಹೆಂಡತಿ ಅದರಲ್ಲಿ ಚಹಾ ಕುಡಿದಿರಬಹುದು ಎಂದು ಕಾಕಾ ಅರ್ಧ ಗಂಟೆ ಭಾಷಣ ಮಾಡಿದರು. ಕಾಕು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನಾನೇರೀ ಆ ಕರ್ನಲ್ಲನ ಹೆಂಡತಿ. ಹ್ವಾದ ದೀಪಾವಳಿಗಿ ನೀವೇ ಒಡದ ಕಪ್ಪು ಅದು!"

ಬೇರೆ ಯಾರಾದರೂ ನಾಚಿ ಸುಮ್ಮನಾಗುತ್ತಿದ್ದರು. ಕಾಕಾ ಹಿಗ್ಗಿದರು! "ಅಂದ್ರ ನಾವೂ ಇತಿಹಾಸದಾಗ ಬಂದ್ವಿ!"

ಇಷ್ಟೆಲ್ಲ ಯಾತಕ್ಕೆ ಎಂದು ಅಂದು ನಾನು ಕೇಳಿಯೇಬಿಟ್ಟೆ. ಕಾಕಾ ನಗಲಿಲ್ಲ. "ಉಂಡವರ ತಟ್ಟಿ ರಗಡ ಸಿಕ್ಕಾವ. ತೊಳದವರು ಎಲ್ಲಿ ಹ್ವಾದ್ರೋ? ಅವರದೊಂದು ಸಾಮಾನರೆ ಸಿಗಬೇಕು ನನಗ. ಒಂದೇ ಒಂದು."

ಹೋದ ವರ್ಷ ಕಾಕಾನ ಮನೆ ಪಕ್ಕದ ಛಾವಣಿಯ ಹಳೆಯ ಬಂಗಲೆಯೊಂದನ್ನು ಕೆಡವಿದರು. ಅದರ ಹಿತ್ತಲಲ್ಲಿ ಆಳುಗಳ ಕೋಣೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಪಾಯ ತೋಡಿದ್ದರು. ಸೋಮವಾರ ಕಾಂಕ್ರೀಟ್ ಸುರಿಯುವವರಿದ್ದರು, ಅಲ್ಲಿಯತನಕ ಹುಡುಕಿಕೊಳ್ಳಿ ಎಂದು ಮಾಲೀಕ ಒಪ್ಪಿದ. ಎಪ್ಪತ್ತು ದಾಟಿದ ಕಾಕಾ ನೋಯುವ ಮೊಣಕಾಲು ಕಟ್ಟಿಕೊಂಡು ಪಾಯದೊಳಗೆ ಇಳಿದರು. ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ನಾಶಿಕದಿಂದ ಬಂದಿದ್ದ ನಾನು ಅವರನ್ನು ಬೈದು ಊಟಕ್ಕೆ ಎಬ್ಬಿಸಲೆಂದು ಹೋದಾಗ ಅವರ ಕೈಯಲ್ಲಿ ಮಣ್ಣು ಮೆತ್ತಿದ ಹಿತ್ತಾಳೆಯ ಚರಿಗೆಯಿತ್ತು, ನೀರು ಕುಡಿಯುವಂಥದು.

ವರಾಂಡದಲ್ಲಿ ಕಾಕು ಗೊಣಗುತ್ತಲೇ ಹುಣಸೆಹಣ್ಣು ತಂದು ಕೊಟ್ಟರು. ಕಾಕಾ ಉಜ್ಜಿದರು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಕಂಡವು. ಇಂಗ್ಲಿಷಲ್ಲ, ಮರಾಠಿಯ ಹಳೆಯ ಮೋಡಿ ಲಿಪಿಯಲ್ಲ, ಉರ್ದುವೂ ಅಲ್ಲ. ಕನ್ನಡ! ಕಾಕು ಬಗ್ಗಿ ಬೆರಳಿಟ್ಟು ಓದಿದರು: "ನಾ... ಗವ್ವ."



"ತವರಾಗ ಹೆಸರ ಹಾಕಿಸಿ ಕೊಟ್ಟಾರ," ಎಂದರು ಕಾಕು. "ಮಗಳು ದೂರ ಹೋಗ್ತಾಳಂತ. ನಮ್ಮವ್ವನೂ ಹಂಗೇ ಕೊಟ್ಟಿದ್ಳು."

"ನಮಗಿಂತ ಮೊದಲ ಬಂದಾಳ," ಎಂದರು ಕಾಕಾ. ಚರಿಗೆಯನ್ನು ಕಾಕುವಿನ ಕೈಗಿಟ್ಟರು. ಎಷ್ಟೋ ವರ್ಷ ಅವರನ್ನು ಆಡಿಕೊಂಡು ನಕ್ಕ ನನಗೆ ಆಗ ಅವರ ಮುಖ ನೋಡಲಾಗಲಿಲ್ಲ, ನನ್ನ ಕಣ್ಣೂ ತುಂಬಿತ್ತು.

ಕಾಕು ಚರಿಗೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಎದ್ದರು.

"ಎಷ್ಟ ದಣದೀಯೋ ಯವ್ವಾ," ಎಂದರು ಅದಕ್ಕೆ. "ಬಾ, ಒಳಗ ಬಾ."