ಖಾಲಿ ಸೀಟಿನಲ್ಲಿ ಕುಳಿತ ಪ್ರಜೋಷ್

ತಳಿಪರಂಬದ ಬಸ್ ಸ್ಟ್ಯಾಂಡಿನಲ್ಲಿ ಆ ಬೆಳಿಗ್ಗೆ ಪ್ರಜೋಷ್ ಮಾಡಿದ್ದು ಇಷ್ಟೇ: ಬಸ್ಸು ಹೊರಡುವ ಮೊದಲೇ ಹತ್ತಿ, ಖಾಲಿ ಇದ್ದ ಸೀಟಿನಲ್ಲಿ ಕುಳಿತ.

ಬೇರೆ ಯಾರು ಕುಳಿತಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಪ್ರಜೋಷ್ ಕಾಲೇಜು ಹುಡುಗ, ರಿಯಾಯಿತಿ ಟಿಕೆಟ್ಟಿನವನು. ಅಂಥವರು ಬಾಗಿಲ ಹೊರಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು. ಪೂರ್ತಿ ದುಡ್ಡಿನವರೆಲ್ಲ ಹತ್ತಿ, ಸೊಂಟ ಸಡಿಲಿಸಿ ಕುಳಿತು, ಡ್ರೈವರ್ ಗೇರು ಹಾಕಿದ ಮೇಲೆ ಓಡಿಬಂದು ಜೋತುಬೀಳಬೇಕು. ಯಾವ ಕಾನೂನಿನಲ್ಲೂ ಹೀಗೆಂದು ಬರೆದಿಲ್ಲ. ನಡೆಯುವುದು ಮಾತ್ರ ಹೀಗೇ. ಪ್ರಜೋಷನೂ ಇಷ್ಟು ದಿನ ಬಾವಲಿಯ ಹಾಗೆ ಜೋತುಬಿದ್ದವನೇ. ಆದರೆ ಅವನು ಬಿ.ಎ. ರಾಜ್ಯಶಾಸ್ತ್ರದ ಎರಡನೇ ವರ್ಷದಲ್ಲಿದ್ದ. ಅಂದು ಟೆಸ್ಟು. ಹಿಂದಿನ ದಿನವಿಡೀ ‘ಸಮಾನತೆಯ ಹಕ್ಕು’ ಓದಿದ್ದ. ಆ ಪಾಠ ಹೊಸ ಚಪ್ಪಲಿಯ ಹಾಗೆ ಹೆಜ್ಜೆ ಹೆಜ್ಜೆಗೂ ಕಚ್ಚುತ್ತಿತ್ತು.

"ಏಯ್, ಇಳಿ," ಎಂದ ಕಂಡಕ್ಟರ್ ಉದಯನ್.

"ಯಾಕೆ ಇಳೀಬೇಕು?"

"ಸ್ಟೂಡೆಂಟ್ ಅಲ್ವಾ ನೀನು?"

"ಹೌದು. ಸ್ಟೂಡೆಂಟಿಗೆ ಮಂಡಿ ಮಡಚೋಕೆ ಬರಲ್ಲ ಅಂತ ಯಾರು ಹೇಳಿದ್ದು?"

"ಮಾತು ಜೋರಿದೆ. ಏನು ಓದ್ತಿದ್ದೀಯ?"

"ರಾಜ್ಯಶಾಸ್ತ್ರ."

ಉದಯನ್ ಡ್ರೈವರ್ ಕಡೆ ತಿರುಗಿದ. "ಕೇಳಿದ್ರಾ ಅಣ್ಣಾ? ಬೇರೆಲ್ಲೂ ಸೀಟು ಸಿಗದೆ ರಾಜ್ಯಶಾಸ್ತ್ರಕ್ಕೆ ಸೇರ್ಕೊಂಡಿರೋನು. ಇಲ್ಲಿ ಸೀಟು ಬೇಕಂತೆ."

ಇಡೀ ಬಸ್ಸು ನಕ್ಕಿತು. ಪ್ರಜೋಷನ ಕಿವಿ ಕಾದುಹೋದವು. ಮದುವೆ ಮನೆಗೆ ಹೋದರೆ ಚಿಕ್ಕಪ್ಪಂದಿರು ಇದೇ ಮಾತು ಆಡುತ್ತಿದ್ದರು. ಅವರಿಗೆ ಎದುರು ಹೇಳಲಾಗದೆ ನುಂಗಿಕೊಂಡಿದ್ದೆಲ್ಲ ಈಗ ಗಂಟಲಿಗೆ ಬಂತು.

"ನಾನು ಏಳಲ್ಲ. ಸಂವಿಧಾನದ ಹದಿನಾಲ್ಕನೇ ವಿಧಿ ಪ್ರಕಾರ..."

"ಹದಿನಾಲ್ಕನೇ ನಂಬರ್ ಸೀಟು ಹಿಂದೆ ಇದೆ. ಅಲ್ಲೂ ನಿನಗೆ ಜಾಗ ಇಲ್ಲ."

ಮುಂದಿನ ಸೀಟಿನಿಂದ ನಿವೃತ್ತ ಹೆಡ್‌ಮಾಸ್ತರರಾದ ಗೋವಿಂದನ್ ಮಾಷ್ ಕೊಡೆ ಎತ್ತಿದರು. "ಹುಡುಗ ಹೇಳೋದು ನ್ಯಾಯ. ಏಳಬೇಡ ಮಗೂ. ನಾವೆಲ್ಲ ನಿನ್ನ ಜೊತೆಗಿದ್ದೀವಿ."

"ಮಾಷಿಗೇನು, ಪೆನ್ಷನ್ ಬರುತ್ತೆ, ಬಸ್ಸು ಸಂಜೆ ಹೊರಟರೂ ಆಗುತ್ತೆ," ಎಂದಳು ಕಾಲಬುಡದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ನಾರಾಯಣಿ ಅಮ್ಮ. "ನನ್ನ ಮೀನು ಕಾಯಲ್ಲ."

ಅಲ್ಲಿಗೆ ಬಸ್ಸು ಎರಡು ಪಕ್ಷವಾಯಿತು. ಗದ್ದಲದಲ್ಲಿ ಉದಯನ್ ಪ್ರಜೋಷನ ಬ್ಯಾಗು ಹಿಡಿದೆಳೆದ. ಪ್ರಜೋಷ್ ತನ್ನ ಕಡೆಗೆಳೆದ. ಬ್ಯಾಗಿನ ಪಟ್ಟಿ ಕಿತ್ತುಬಂತು. ಅವನ ಅಂಗಿಯ ಗುಂಡಿ ಹಾರಿತು. ಉದಯನ್ ಆಯತಪ್ಪಿ ಹಿಂದಕ್ಕೆ ಹೋಗಿ ಯಾರದೋ ಮಡಿಲಲ್ಲಿ ಕುಳಿತ. ನಡೆದ ಹಿಂಸೆ ಇಷ್ಟೇ.

ಆದರೆ ಸುದ್ದಿ ಬಸ್ಸಿನಿಂದ ಇಳಿಯುವಷ್ಟರಲ್ಲಿ ಊದಿಕೊಂಡಿತ್ತು. ಚಹಾದಂಗಡಿಯಲ್ಲಿ ಅದು "ಹುಡುಗನಿಗೆ ಹೊಡೆದರಂತೆ" ಎಂದಾಯಿತು, ಆಟೋ ನಿಲ್ದಾಣದಲ್ಲಿ "ಕಂಡಕ್ಟರಿಗೆ ಹೊಡೆದರಂತೆ" ಎಂದಾಯಿತು. ವಿದ್ಯಾರ್ಥಿ ಸಂಘದ ಹುಡುಗರು ಬಂದು ಬಸ್ಸಿನ ಮುಂದೆ ಕುಳಿತರು. ಬಸ್ಸಿನವರು ಅಲ್ಲೇ ದಿಢೀರ್ ಮುಷ್ಕರ ಸಾರಿದರು. ಒಂದಾದ ಮೇಲೊಂದು ಬಸ್ಸಿನ ಇಂಜಿನ್ನು ಆರಿತು.

"ನನಗೆ ಯಾರೂ ಹೊಡೆದಿಲ್ಲ," ಎಂದು ಪ್ರಜೋಷ್ ಕೆಳಗಿಳಿದು ಸಂಘದ ಹುಡುಗನೊಬ್ಬನ ಭುಜ ತಟ್ಟಿ ಹೇಳಿದ.

"ನೀನು ಸುಮ್ನಿರು. ನಿನಗೇನು ಗೊತ್ತು?" ಎಂದು ಅವನು ಘೋಷಣೆ ಮುಂದುವರಿಸಿದ.

ಗೋವಿಂದನ್ ಮಾಷ್ ಎಲ್ಲಿ ಎಂದು ಪ್ರಜೋಷ್ ಹುಡುಕಿದ. ಮಾಷ್ ಆಟೋ ಹತ್ತಿ ಹೋಗುತ್ತ, ಒಳಗಿನಿಂದಲೇ ಕೊಡೆ ಎತ್ತಿ ಬೆಂಬಲ ಸೂಚಿಸಿದರು. ನಾರಾಯಣಿ ಅಮ್ಮ ಮಾತ್ರ ಬುಟ್ಟಿಯ ಪಕ್ಕ ನೆಲದಲ್ಲಿ ಕುಳಿತಿದ್ದಳು.

"ನಿನ್ನ ಸಂವಿಧಾನ ಬಂದು ಈ ಮೀನು ಮಾರುತ್ತಾ ಮಗೂ?"

ಪ್ರಜೋಷನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಉಳಿದವರೆಲ್ಲರ ಮೇಲೂ ಬಂತು.

ಜ್ವರ ಬಂದು ಹಿಂದಿನ ಟೆಸ್ಟು ತಪ್ಪಿತ್ತು. ಇದೂ ತಪ್ಪಿದರೆ ಸೆಮಿಸ್ಟರ್ ಪರೀಕ್ಷೆಗೆ ಕೂರಿಸುವುದಿಲ್ಲ. ಪಟ್ಟಿ ಹರಿದ ಬ್ಯಾಗನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಅವನು ಗುಡ್ಡದ ದಾರಿಯಲ್ಲಿ ಕಾಲೇಜಿನ ಕಡೆ ಓಡಿದ.

ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಕಾಲೇಜಿನ ಗೇಟು ಮುಚ್ಚಿತ್ತು. ಎದುರಿಗೆ ಇನ್ನೂರು ಜನ. ಸಂಘದ ಮುಖಂಡ ಅನ್ಶಾದ್ ಕಾಂಪೌಂಡು ಗೋಡೆಯ ಮೇಲೆ ನಿಂತು, ಬಸ್ಸಿನಲ್ಲಿ ಹಲ್ಲೆಗೊಳಗಾದ ಪ್ರಮೋದನಿಗೆ ನ್ಯಾಯ ಸಿಗುವವರೆಗೂ ತರಗತಿ ನಡೆಯಲು ಬಿಡುವುದಿಲ್ಲ ಎನ್ನುತ್ತಿದ್ದ.

"ಸ್ವಲ್ಪ ದಾರಿ ಬಿಡಿ, ನನಗೆ ಟೆಸ್ಟಿದೆ," ಎಂದ ಪ್ರಜೋಷ್.

ಅನ್ಶಾದ್ ಗೋಡೆಯಿಂದ ಇಳಿದುಬಂದ. "ನಾಚಿಕೆ ಆಗಲ್ವಾ ನಿನಗೆ? ನಿನ್ನಂಥ ಒಬ್ಬ ಹುಡುಗ ಆಸ್ಪತ್ರೇಲಿ ಮಲಗಿದ್ದಾನೆ. ನಿನಗೆ ಟೆಸ್ಟಾ?"

"ಆ ಹುಡುಗ ನಾನೇ. ನನ್ನ ಹೆಸರು ಪ್ರಮೋದ್ ಅಲ್ಲ, ಪ್ರಜೋಷ್."

ಅನ್ಶಾದ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಅವನಿಗೆ ಕಾಲು ಮುರಿದಿದೆ. ನಿನಗೆ ಗುಂಡಿ ಹೋಗಿದೆ."

ಅಷ್ಟರಲ್ಲಿ ರಾಜ್ಯಶಾಸ್ತ್ರದ ಸುಲೇಖಾ ಟೀಚರ್ ಗೇಟಿನ ಒಳಗಡೆ ಬಂದು ನಿಂತರು. ಪ್ರಜೋಷ್ ಸರಳುಗಳನ್ನು ಹಿಡಿದುಕೊಂಡ.

"ಟೀಚರ್, ಟೆಸ್ಟು?"

"ಮುಗೀತು. ಹಾಸ್ಟೆಲ್ಲಿನವರು ಒಳಗೇ ಇದ್ದರಲ್ಲ, ಬರೆದರು. ಬಾರದವರಿಗೆ ಸೊನ್ನೆ. ಬಸ್ಸಲ್ಲಿ ಪೆಟ್ಟು ತಿಂದ ಹುಡುಗನಿಗೆ ಮಾತ್ರ ಇನ್ನೊಂದು ಸಲ ಅಂತ ಪ್ರಿನ್ಸಿಪಾಲರು ಒಪ್ಪಿದ್ದಾರೆ."

"ಅದು ನಾನೇ ಟೀಚರ್."

"ನಿನಗೆಲ್ಲಿ ಪೆಟ್ಟು ಬಿದ್ದಿದೆ ಪ್ರಜೋಷ್?"

"ಬಿದ್ದಿಲ್ಲ. ಯಾರಿಗೂ ಬಿದ್ದಿಲ್ಲ. ಪೆಟ್ಟು ತಿಂದ ಹುಡುಗ ಅಂತ ಯಾರೂ ಇಲ್ಲವೇ ಇಲ್ಲ."

"ಹಾಗಿದ್ದರೆ ಇನ್ನೊಂದು ಟೆಸ್ಟೂ ಇಲ್ಲ," ಎಂದು ಟೀಚರ್ ಒಳಗೆ ಹೋದರು.

ಪ್ರಜೋಷ್ ಗೇಟಿಗೆ ಒರಗಿ ನಿಂತ. ಅನ್ಶಾದ್ ಮೆಲ್ಲಗೆ ಹತ್ತಿರ ಬಂದು, ಆಚೆ ಈಚೆ ನೋಡಿ, ಪಿಸುದನಿಯಲ್ಲಿ ಕೇಳಿದ: "ನಿಜವಾಗ್ಲೂ ನೀನೇನಾ?"

"ಹೌದು."

"ಹಾಗಿದ್ರೆ ಇಲ್ಲಿ ನಿಲ್ಲಬೇಡ ಮಾರಾಯ. ನಿನ್ನನ್ನ ಹೀಗೆ ಗಟ್ಟಿಮುಟ್ಟಾಗಿ ಯಾರಾದ್ರೂ ನೋಡಿದ್ರೆ ನಮ್ಮ ಹೋರಾಟ ಹಾಳಾಗುತ್ತೆ. ಮನೆಗೆ ಹೋಗು."

"ಹೇಗೆ ಹೋಗಲಿ? ಬಸ್ಸಿಲ್ಲ."

"ನಡ್ಕೊಂಡು ಹೋಗು," ಎಂದ ಅನ್ಶಾದ್. ಪ್ರಜೋಷ್ ಒಂದೆರಡು ಹೆಜ್ಜೆ ಹಾಕಿದಾಗ ಹಿಂದಿನಿಂದ ಬಂದು ಭುಜ ಹಿಡಿದ. "ಹಾಗಲ್ಲ. ಸ್ವಲ್ಪ ಕುಂಟ್ಕೊಂಡು ಹೋಗು."