ವಾಸಿಯಾದ ಕಾಲಿನ ನೋವು

"ಓಡೇ ಓಡ್ತೀನಿ. ನಲವತ್ತೆರಡು ಕಿಲೋಮೀಟರ್ ತಾನೇ? ಓಡಿ ಮುಗಿಸಿ, ಪದಕ ತಂದು ಈ ಮೊಳೆಗೆ ನೇತುಹಾಕದಿದ್ರೆ ಇನ್ನು ಯಾರ ಗಡಿಯಾರಾನೂ ಮುಟ್ಟಲ್ಲ."

ಐವತ್ತನಾಲ್ಕು ವರ್ಷದ ಗಡಿಯಾರ ರಿಪೇರಿ ಯಜಮಾನರು ತಮ್ಮ ಅಂಗಡಿಯಲ್ಲಿ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ, ಎದ್ದು ನಿಂತು ಹೀಗೆ ಘೋಷಿಸಿದರು. ಗೋಡೆಯ ಮೇಲಿನ ಹದಿನೇಳು ಗಡಿಯಾರಗಳು ಟಿಕ್ ಟಿಕ್ ಎಂದು ಚಪ್ಪಾಳೆ ತಟ್ಟಿದವು. ಲೆಕ್ಕ ಸರಿಯಾಗಿ ಹೇಳುವುದಾದರೆ ಹದಿನಾರು. ಹದಿನೇಳನೆಯದು ಎಷ್ಟೋ ವರ್ಷಗಳಿಂದ ನಾಲ್ಕೂವರೆಯಲ್ಲೇ ನಿಂತಿತ್ತು. ಯಾರಾದರೂ ಕೇಳಿದರೆ ಯಜಮಾನರು "ಅದರ ಬಿಡಿಭಾಗ ಸಿಗ್ತಿಲ್ಲ" ಎಂದು ಮಾತು ಬದಲಿಸುತ್ತಿದ್ದರು.

ಘೋಷಣೆಗೆ ಕಿವಿಯಾದವರು ಬೆಳಗಿನ ಓಟದ ಗುಂಪಿನ ನಾಯಕರಾದ ನಿವೃತ್ತ ಡ್ರಿಲ್ ಮೇಷ್ಟ್ರು. ಪರದೇಶದ ದೊಡ್ಡ ಮ್ಯಾರಥಾನ್‌ಗೆ ಗುಂಪಿನ ಇಪ್ಪತ್ತಾರು ಜನ ಅರ್ಜಿ ಹಾಕಿದ್ದರು. ಚೀಟಿ ಎತ್ತಿದಾಗ ಬಂದದ್ದು ಯಜಮಾನರ ಹೆಸರೊಂದೇ. ಮೇಷ್ಟ್ರು ಅಭಿನಂದಿಸಲೆಂದೇ ಬಂದಿದ್ದರು. ಬಾಯಿಂದ ಹೊರಟದ್ದು ಮಾತ್ರ ಒಂದೇ ಪದ.

"ಕಾಲು?"

ಊರಿನವರ ಕಾಲವನ್ನೆಲ್ಲ ರಿಪೇರಿ ಮಾಡಿಕೊಡುವ ಮಹಾನುಭಾವರ ಕಾಲೇ ರಿಪೇರಿಗೆ ಬಂದಿತ್ತು. ಎಡಗಾಲಿನ ಮೀನಖಂಡ. ಒಂಬತ್ತನೆಯ ಕಿಲೋಮೀಟರ್ ತನಕ ಆ ಮೀನು ಸುಖವಾಗಿ ಮಲಗಿರುತ್ತಿತ್ತು. ಆಮೇಲೆ ಬಲೆಗೆ ಬಿದ್ದಂತೆ ಒದ್ದಾಡುತ್ತಿತ್ತು. ಡಾಕ್ಟರು ವಿಶ್ರಾಂತಿ ಎಂದರು. ವಿಶ್ರಾಂತಿ ಕೊಟ್ಟರೆ ನೋವು ಮೂರು ವಾರ ಮಾಯವಾಗಿ, ಮರಳಿ ಓಡಲು ಹೊರಟ ದಿನ ಪೆಟ್ಟಿಗೆ ಸಮೇತ ಬಂದಿಳಿಯುವ ನೆಂಟರಂತೆ ಹಾಜರಾಗುತ್ತಿತ್ತು.

"ಅದು ಇದ್ದೇ ಇದೆ" ಎಂದು ಯಜಮಾನರು ನಾಲ್ಕು ಹೆಜ್ಜೆ ಕುಂಟಿ ತೋರಿಸಿದರು. ಮೇಷ್ಟ್ರು ತಲೆ ಆಡಿಸಿ ಹೋದರು.

ಇಲ್ಲೊಂದು ಗುಟ್ಟು ಒಡೆಯಬೇಕು. ಯಜಮಾನರ ಕಾಲು ಪೂರ್ತಿ ವಾಸಿಯಾಗಿ ಆಗಲೇ ಆರು ತಿಂಗಳಾಗಿತ್ತು!

ಕಾಯಿಲೆ ಬಚ್ಚಿಡುವವರನ್ನು ನೋಡಿದ್ದೇವೆ. ಆರೋಗ್ಯ ಬಚ್ಚಿಡುವವರು ಉಂಟೇ? ಉಂಟು, ಮತ್ತು ಅವರಿಗೆ ಕಾರಣವೂ ಉಂಟು. ಅವರ ಮನೆಯಲ್ಲಿ ಮೂರು ಮುಳ್ಳುಗಳಿದ್ದವು. ಗಂಟೆ ಮುಳ್ಳು ತಾವು, ನಿಮಿಷದ ಮುಳ್ಳು ಹೆಂಡತಿ, ಸೆಕೆಂಡ್ ಮುಳ್ಳು ಮಗಳು. ನಿಂತಲ್ಲಿ ನಿಲ್ಲದ ಹುಡುಗಿಗೆ ಅಪ್ಪ ಇಟ್ಟ ಅಡ್ಡಹೆಸರು ಅದು. ಮೂರು ವರ್ಷದ ಹಿಂದೆ, ಹತ್ತೊಂಬತ್ತು ತುಂಬುವ ಮೊದಲೇ, ನಾಲ್ಕು ದಿನದ ಜ್ವರದಲ್ಲಿ ಸೆಕೆಂಡ್ ಮುಳ್ಳು ನಿಂತುಹೋಯಿತು. ಆಮೇಲೆ ಉಳಿದೆರಡು ಮುಳ್ಳುಗಳು ಒಂದೇ ಮನೆಯಲ್ಲಿ ಸದ್ದಿಲ್ಲದೆ ಸುತ್ತತೊಡಗಿದವು. ಊಟಕ್ಕೆ ಬನ್ನಿ, ನಲ್ಲಿ ಸೋರುತ್ತಿದೆ, ಬಾಗಿಲು ಹಾಕಿದಿರಾ. ದಿನಕ್ಕೆ ಹತ್ತು ಮಾತು. ಹನ್ನೊಂದನೆಯದು ಬಾಯಿಗೆ ಬಂದರೂ ಇಬ್ಬರೂ ನುಂಗಿಕೊಳ್ಳುತ್ತಿದ್ದರು. ಬೆಳಗಾಗೆದ್ದು ಆ ಮನೆಯಲ್ಲಿ ಕೂರಲಾಗದೆಯೇ ಯಜಮಾನರು ಓಡಲು ಹೊರಟದ್ದು.

ಕಾಲು ಹಿಡಿದುಕೊಂಡು ಮೊದಲ ಸಲ ಕುಂಟುತ್ತಾ ಬಂದ ದಿನ ಸಂಜೆ ಹೆಂಡತಿ ಏನೂ ಕೇಳದೆ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಅವರ ಕಾಲನ್ನು ಮಡಿಲಿಗೆ ಎಳೆದುಕೊಂಡರು. ಐದು ನಿಮಿಷ ಒತ್ತಿದ ಮೇಲೆ ಮೀನಖಂಡವನ್ನೇ ನೋಡುತ್ತಾ, ಅದಕ್ಕೇ ಹೇಳುವಂತೆ ಹೇಳಿದರು: "ಅವಳಿಗೂ ಹೀಗೇ ಹಿಡ್ಕೋತಿತ್ತು. ಸೈಕಲ್ ಕಲಿಯೋವಾಗ."

ಎಷ್ಟೋ ತಿಂಗಳ ಮೇಲೆ ಮಗಳು ಆ ಮನೆಯ ಮಾತಿನೊಳಗೆ ಬಂದದ್ದು ಆಗಲೇ. ಅಂದಿನಿಂದ ದಿನಾ ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ. "ಇವತ್ತು ಹೇಗಿದೆ ಇದು?" ಎಂದು ಆಕೆ ಕಾಲನ್ನು ವಿಚಾರಿಸುವರು, ಆಮೇಲೆ ಮಗಳ ಸುದ್ದಿ ಶುರು. ಹಲ್ಲು ಬಿದ್ದಾಗ ಅದನ್ನು ಅಪ್ಪನ ಚಿಮಟದಲ್ಲಿ ಹಿಡಿದುಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದದ್ದು, ಪರೀಕ್ಷೆಯ ದಿನ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಹೋದದ್ದು. ಯಜಮಾನರು "ಹೂಂ" ಎನ್ನುವರು, ಅಷ್ಟೇ. ಅವರಿಂದ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕಾಲು, ಯಾರನ್ನೂ ಕೇಳದೆ, ವಾಸಿಯಾಗಿಬಿಟ್ಟಿತು. ನೋವು ಹೋದರೆ ಇಪ್ಪತ್ತು ನಿಮಿಷವೂ ಹೋಗುತ್ತದೆ. ಅದಕ್ಕೇ ಯಜಮಾನರು ಕುಂಟುವುದನ್ನು ಬಿಡಲಿಲ್ಲ.

ಮ್ಯಾರಥಾನ್ ಸುದ್ದಿ ಕೇಳಿ ಹೆಂಡತಿ ಹೇಳಿದ್ದು ಇಷ್ಟು: "ನಾನೂ ಬರ್ತೀನಿ. ಅಲ್ಲಿ ಕಾಲು ಒತ್ತೋರು ಯಾರು?"

ಯಜಮಾನರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಓಡದಿದ್ದರೆ ಊರೆದುರು ಮಾನ ಹೋಗುತ್ತದೆ. ನೋವಿಲ್ಲದೆ ಓಡಿಬಿಟ್ಟರೆ ಮನೆಯೊಳಗಿಂದ ಮಗಳು ಹೋಗುತ್ತಾಳೆ, ಎರಡನೆಯ ಸಲ. ಆದ್ದರಿಂದ ಅವರು ಇತಿಹಾಸದಲ್ಲಿ ಯಾವ ಓಟಗಾರನೂ ಮಾಡದ ಸಂಕಲ್ಪ ಮಾಡಿದರು: ಪೂರ್ತಿ ಓಡುವುದು, ಆದರೆ ನೋವಿಟ್ಟುಕೊಂಡು! ಓಟಕ್ಕೆ ಇನ್ನೂ ಐದು ತಿಂಗಳಿತ್ತು. ಅಂಗಡಿಯ ಬಾಗಿಲೆಳೆದು, ಕನ್ನಡಿಯ ಮುಂದೆ ಕುಂಟುವ ಅಭ್ಯಾಸ ನಡೆಯಿತು. ಎಡಗಾಲು ಎತ್ತುವಾಗ ಹಲ್ಲು ಕಚ್ಚಬೇಕು, ಊರುವಾಗ ಕಣ್ಣು ಮುಚ್ಚಬೇಕು. ಹಲ್ಲು ಮತ್ತು ಕಣ್ಣು ಅದಲುಬದಲಾಗದಿರಲು ಒಂದು ತಿಂಗಳು ಹಿಡಿಯಿತು.

ಪರದೇಶದ ಆ ಊರಿನಲ್ಲಿ ನದಿ ಇತ್ತು, ಸೇತುವೆಗಳಿದ್ದವು, ಗಂಟೆ ಬಾರಿಸುತ್ತಾ ಓಡಾಡುವ ಟ್ರಾಮ್‌ಗಳಿದ್ದವು. ಹೋಟೆಲಿನ ನಾಲ್ಕನೆಯ ಮಹಡಿಯಲ್ಲಿ ನಕ್ಷೆ ಹರಡಿಕೊಂಡು ಹೆಂಡತಿ ಮೂರು ಕಡೆ ಗುರುತು ಹಾಕಿದರು. ಹನ್ನೊಂದನೆಯ ಕಿಲೋಮೀಟರ್‌ನಲ್ಲಿ ಸೇತುವೆಯ ಹತ್ತಿರ, ಇಪ್ಪತ್ಮೂರರಲ್ಲಿ ಗ್ರಂಥಾಲಯದ ಮೂಲೆಯಲ್ಲಿ, ಮೂವತ್ತೊಂದರಲ್ಲಿ ಉದ್ಯಾನದ ಗೇಟಿನಲ್ಲಿ ತಾವು ನಿಲ್ಲುವುದಾಗಿ ಹೇಳಿ, ಕಂದು ಬಣ್ಣದ ಸ್ವೆಟರ್ ತೆಗೆದಿಟ್ಟುಕೊಂಡರು. ಕೈಚೀಲದಲ್ಲಿ ಎಣ್ಣೆ ಸೀಸೆ.

ಓಟ ಶುರುವಾಯಿತು. ಎಂಥ ಓಟ! ಒಂಬತ್ತನೆಯ ಕಿಲೋಮೀಟರ್ ಬಂತು, ಹೋಯಿತು, ಮೀನು ಮಿಸುಕಲಿಲ್ಲ. ಹನ್ನೊಂದಕ್ಕೆ ಐವತ್ತು ಹೆಜ್ಜೆ ಇರುವಾಗಲೇ ಯಜಮಾನರು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಶಾಸ್ತ್ರೋಕ್ತವಾಗಿ ಕುಂಟಿದರು. ಹೆಂಡತಿ ಸೀಸೆ ಎತ್ತಿ ತೋರಿಸಿದರು. ಸೇತುವೆ ದಾಟಿದ್ದೇ ತಡ, ಮತ್ತೆ ಜಿಂಕೆ!

ಗ್ರಂಥಾಲಯದ ಮೂಲೆಯಲ್ಲೂ ಅಷ್ಟೇ ಸೊಗಸಾಗಿ ಕುಂಟಿದರು. ದಾಟಿ ನೂರು ಹೆಜ್ಜೆ ಹೋದ ಮೇಲೆ ಹೊಳೆಯಿತು. ಕುಂಟಿದ್ದು ಬಲಗಾಲು!

ಆಕೆ ನೋಡಿದರೇ? ಮುಖದಲ್ಲಿ ಏನೂ ಕಂಡಿರಲಿಲ್ಲ. ಮೂರು ವರ್ಷದಿಂದ ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಇನ್ನು ಮುಂದೆ ತಪ್ಪಬಾರದೆಂದು ಯಜಮಾನರು ಕಣ್ಣಲ್ಲಿ ಕಣ್ಣಿಟ್ಟು ಓಡಿದರು. ದೂರದಲ್ಲಿ ಕಂದು ಸ್ವೆಟರ್ ಕಂಡಿತು. ಆಕೆ ಟ್ರಾಮ್ ತಪ್ಪಿ ಇಲ್ಲೇ ನಿಂತಿರಬಹುದೇ? ಕುಂಟಿದರು. ಆಕೆಯಲ್ಲ. ಮತ್ತೊಂದು ಕಂದು ಸ್ವೆಟರ್. ಕುಂಟಿದರು. ಚಳಿಯ ಆ ಊರಿನಲ್ಲಿ ಅರ್ಧ ಜನ ಕಂದು ಸ್ವೆಟರ್‌ನವರೇ! ಹನ್ನೆರಡು ಅಪರಿಚಿತ ಹೆಂಗಸರಿಗೂ, ಒಬ್ಬ ಟ್ರಾಮ್ ಡ್ರೈವರ್‌ಗೂ ಯಜಮಾನರು ತಮ್ಮ ನೋವನ್ನು ನಿವೇದಿಸಿಕೊಂಡರು. ಎಡಗಾಲನ್ನು ಕುಂಟಿಸಿದಷ್ಟೂ ಭಾರವೆಲ್ಲ ಬಲಗಾಲಿಗೆ ಬಿತ್ತು. ಉದ್ಯಾನದ ಗೇಟಿಗೆ ಮುನ್ನೂರು ಹೆಜ್ಜೆ ಇರುವಾಗ ಬಲ ಮೀನಖಂಡದಲ್ಲಿ ಏನೋ ಫಟ್ಟೆಂದಿತು. ಹನ್ನೊಂದು ತಿಂಗಳಿಂದ ಹೆಸರು ಹಿಡಿದು ಕರೆದದ್ದಕ್ಕೆ ನೋವು ಕೊನೆಗೂ ಓಗೊಟ್ಟಿತ್ತು, ವಿಳಾಸ ಮಾತ್ರ ಬೇರೆ. ಯಜಮಾನರು ರಸ್ತೆಯಂಚಿನಲ್ಲಿ ಕುಸಿದು ಕುಳಿತರು.

ಶುಶ್ರೂಷೆಯ ಡೇರೆಯಿಂದ ಬಂದ ನರ್ಸ್ ಯಾವ ಕಾಲೆಂದು ಕೈಸನ್ನೆಯಲ್ಲಿ ಕೇಳಿದಳು. ಉತ್ತರ ಕೊಡುವ ಮೊದಲೇ, ಕುಸಿದದ್ದನ್ನು ಗೇಟಿನಿಂದಲೇ ನೋಡಿದ್ದ ಹೆಂಡತಿ ಗುಂಪು ಸರಿಸಿಕೊಂಡು ಬಂದರು. ನರ್ಸಿಗೆ ತಾನು ನೋಡಿಕೊಳ್ಳುತ್ತೇನೆಂದು ಸನ್ನೆ ಮಾಡಿ, ಪಕ್ಕದಲ್ಲೇ ನೆಲಕ್ಕೆ ಕುಳಿತು, ನೇರವಾಗಿ ಬಲಗಾಲನ್ನೇ ಮಡಿಲಿಗೆ ಎಳೆದುಕೊಂಡರು. ಹೆಬ್ಬೆರಳು ಮೇಲಿನಿಂದ ಕೆಳಗೆ ಒಮ್ಮೆ ಹುಡುಕಿತು.

"ಇದೆ" ಎಂದರು. "ಇದು ನಿಜದ್ದು."

"ಹಾಗಂದ್ರೆ?"

"ಎಡಗಾಲಲ್ಲಿ ಕೋಟಿನ ಗುಂಡಿಯಷ್ಟು ಗಂಟಿತ್ತು. ಆಮೇಲೆ ಅಂಗಿ ಗುಂಡಿಯಷ್ಟಾಯ್ತು. ಆಮೇಲೊಂದಿನ ಹುಡುಕಿದ್ರೆ ಸಿಗಲೇ ಇಲ್ಲ. ಹನ್ನೊಂದು ತಿಂಗಳಾಯ್ತು. ಒತ್ತೋಳು ನಾನಲ್ವಾ, ನಂಗೆ ಗೊತ್ತಾಗಲ್ವಾ?"

ಯಜಮಾನರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರನ್ನು ದಾಟಿ ಸಾವಿರಾರು ಕಾಲುಗಳು ಓಡುತ್ತಿದ್ದವು.

"ಗೊತ್ತಿದ್ದೂ ಯಾಕೆ ಒತ್ತಿದೆ?"

ಹೆಂಡತಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಮತ್ತೆ ಅವಳ ಮಾತು ಎಲ್ಲಿ ಆಡಲಿ? ನಿಮ್ಮ ಮುಖ ನೋಡ್ಕೊಂಡು ಆಡಕ್ಕಾಗಲ್ಲ. ಅವಳದ್ದೇ ಮೂಗು ಅದು."

ಯಜಮಾನರು ಆ ಮೂಗನ್ನು ಅಂಗೈಯಿಂದ ಮುಚ್ಚಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ. ನರ್ಸ್ ಏಟು ಮೂಗಿಗೂ ಬಿದ್ದಿರಬೇಕೆಂದು ಹತ್ತಿ ತಂದುಕೊಟ್ಟಳು.

ಉಳಿದ ಹನ್ನೊಂದು ಕಿಲೋಮೀಟರನ್ನು ಇಬ್ಬರೂ ನಡೆದರು. ಅವರು ರಸ್ತೆಯಲ್ಲಿ, ಆಕೆ ಪಕ್ಕದ ಕಾಲುದಾರಿಯಲ್ಲಿ, ನಡುವೆ ಕಟ್ಟಿದ್ದ ಹಗ್ಗ. ಕೊನೆ ಮುಟ್ಟುವಾಗ ಹಗ್ಗವನ್ನು ಸುತ್ತಿಡುತ್ತಿದ್ದರು, ಗಾಳಿ ತುಂಬಿ ನಿಲ್ಲಿಸಿದ್ದ ಕಮಾನನ್ನು ಇಳಿಸಿಯಾಗಿತ್ತು, ಕಾಗದದ ಲೋಟಗಳನ್ನು ಗುಡಿಸಿ ರಾಶಿ ಹಾಕಿದ್ದರು. ಮೇಜು ಮಡಚುತ್ತಿದ್ದ ಮುದುಕಿ ಪೆಟ್ಟಿಗೆಯ ತಳದಿಂದ ಕೊನೆಯ ಪದಕ ತೆಗೆದು ಇಬ್ಬರನ್ನೂ ನೋಡಿದಳು. ಹೊಸ ಶೂ ಕಚ್ಚಿ ಹೆಂಡತಿ ಗಂಡನಿಗಿಂತ ಜೋರಾಗಿ ಕುಂಟುತ್ತಿದ್ದರು. ಮುದುಕಿ ಪದಕವನ್ನು ಆಕೆಯ ಕೊರಳಿಗೇ ಹಾಕಿ, ಕೆನ್ನೆ ತಟ್ಟಿ, ಮನೆಗೆ ಹೋದಳು. ಯಜಮಾನರು ತಕರಾರು ತೆಗೆಯಲಿಲ್ಲ. ಹನ್ನೊಂದು ತಿಂಗಳು ಓಡಿದವರು ಯಾರೆಂದು ಅವರಿಗೀಗ ಗೊತ್ತಿತ್ತು.

ಊರಿಗೆ ಬಂದು ಎರಡು ತಿಂಗಳಾಗಿದೆ. ಅಂಗಡಿಯ ಮೊಳೆ ಖಾಲಿ. ಡ್ರಿಲ್ ಮೇಷ್ಟ್ರು ಕೇಳಿದರೆ ಪದಕ ಮನೆಯಲ್ಲಿದೆ ಎನ್ನುತ್ತಾರೆ. ಯಜಮಾನರ ಕಾಲು, ಎರಡೂ, ಗುಂಡುಕಲ್ಲಿನಂತಿವೆ. ಆದರೆ ಹನ್ನೊಂದು ಕಿಲೋಮೀಟರ್ ನಡೆದ ಹೆಂಡತಿಯ ಕಾಲು ಮಾತ್ರ ಇನ್ನೂ ನೋಯುತ್ತಿದೆ. ಸಂಜೆ ಏಳಕ್ಕೆ ಈಗ ಆಕೆ ಕುರ್ಚಿಯಲ್ಲಿ, ಇವರು ಗಿಡ್ಡ ಸ್ಟೂಲಿನಲ್ಲಿ. ಮೊದಲ ಕೆಲವು ದಿನ ಸುಮ್ಮನೆ ಒತ್ತಿದರು. ಆಮೇಲೊಂದು ಸಂಜೆ ಮೀನಖಂಡವನ್ನೇ ನೋಡುತ್ತಾ ಹೇಳಿದರು: "ಏಳು ವರ್ಷದವಳಿದ್ದಾಗ ಅಂಗಡಿ ಗಡಿಯಾರಗಳನ್ನೆಲ್ಲ ನಾಲ್ಕೂವರೆಗೆ ತಿರುಗಿಸಿಟ್ಟಿದ್ಲು. ಸ್ಕೂಲು ಬೇಗ ಬಿಡ್ಲಿ ಅಂತ. ಹದಿನಾರನ್ನ ಸರಿ ಮಾಡ್ದೆ. ಒಂದನ್ನ ಹಾಗೇ ಬಿಟ್ಟಿದ್ದೀನಿ."

ಹೆಂಡತಿ "ಹೂಂ" ಎಂದರು.

ಕೂದಲಿಗಿಂತ ಸಣ್ಣ ಸ್ಪ್ರಿಂಗಿನ ಸೊಟ್ಟವನ್ನೂ ಹಿಡಿಯಬಲ್ಲ ಬೆರಳುಗಳು ಅವರವು. ಎರಡು ತಿಂಗಳಿಂದ ಹುಡುಕಿದರೂ ಆ ಕಾಲಿನಲ್ಲಿ ಒಂದು ಗಂಟೂ ಸಿಕ್ಕಿಲ್ಲ. ನಿನ್ನೆ ಆಕೆ ಚಾಚಿದ್ದು ಬಲಗಾಲು, ಇವತ್ತು ಎಡಗಾಲು. ಯಜಮಾನರು ಏನೋ ಹೇಳಹೊರಟು ನುಂಗಿಕೊಂಡರು. ಎಣ್ಣೆ ಬೆಚ್ಚಗಿದೆಯೇ ಎಂದು ನೋಡಿ ಕಾಲನ್ನು ವಿಚಾರಿಸಿದರು.

"ಇವತ್ತು ಹೇಗಿದೆ ಇದು?"

"ಹಾಗೇ ಇದೆ" ಎಂದರು ಹೆಂಡತಿ. "ಬೇಗ ವಾಸಿಯಾಗೋ ಹಾಗೆ ಕಾಣಲ್ಲ."