ಮೈಕಿನ ಮುಂದೆ ಉಪವಾಸ

ಹಸಿವು ಹೊಟ್ಟೆಗೆ ಸಂಬಂಧಿಸಿದ್ದೇ ಅಲ್ಲ, ಮನಸ್ಸಿಗೆ ಸಂಬಂಧಿಸಿದ್ದು! ಹಾಗೆಂದು ಬೆಳಿಗ್ಗೆ ತೂಕದ ಯಂತ್ರದಿಂದ ಇಳಿದವನೇ ಘೋಷಿಸಿದೆ. ಇನ್ನು ಹಗಲೆಲ್ಲ ಬರೀ ನೀರು. ಇಂದ್ರಿಯಗಳನ್ನು ಗೆದ್ದ ಮಹಾತ್ಮರ ಸಾಲಿನಲ್ಲಿ ನನಗೂ ಒಂದು ಜಾಗ ಕಾದಿರಲಿ!

"ಆಯ್ತು ರೀ. ಆದ್ರೆ ಇವತ್ತೇ ಶುರು ಮಾಡ್ಬೇಕಾ?" ಎಂದಳು ಹೆಂಡತಿ.

ಅವಳ ಪ್ರಶ್ನೆಗೆ ಕಾರಣವಿತ್ತು. ನಾನು ರೇಡಿಯೊದಲ್ಲಿ ವಾರ್ತೆ ಓದುವ ಹಂಗಾಮಿ ನೌಕರ. ಆ ಸಂಜೆಯ ಓದು ಕೇಳಿ, ನನ್ನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ನಿರ್ದೇಶಕಿ ತೀರ್ಮಾನಿಸುವವರಿದ್ದರು. ಶುಭಸ್ಯ ಶೀಘ್ರಂ ಎಂದು ಬ್ಯಾಗನ್ನು ಹೆಗಲಿಗೇರಿಸಿ ಹೊರಟೆ. ಬ್ಯಾಗು ಯಾಕೋ ಭಾರವೆನ್ನಿಸಿತು. ಉಪವಾಸದ ಮೊದಲ ನಿಶ್ಶಕ್ತಿ ಎಂದು ಹೆಮ್ಮೆಪಟ್ಟೆ.

ಮಧ್ಯಾಹ್ನದ ಹೊತ್ತಿಗೆ ಆ ಹೆಮ್ಮೆಯೂ ಜೀರ್ಣವಾಗಿತ್ತು. ಸಂಜೆ ಸ್ಟುಡಿಯೊದ ದಪ್ಪ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿತು. ಗಾಜಿನಾಚೆ ತಂತ್ರಜ್ಞ, ಅವನ ಪಕ್ಕದಲ್ಲಿ ಕೈಕಟ್ಟಿ ನಿಂತ ನಿರ್ದೇಶಕಿ.

ಮೊದಲ ಸುದ್ದಿ ಹಿರಿಯ ಗಾಯಕರೊಬ್ಬರ ನಿಧನ. ಗದ್ಗದ ಕಂಠದಿಂದ ಓದಿ, ಗೌರವಕ್ಕೆಂದು ಒಂದು ಕ್ಷಣ ಮೌನವಾದೆ. ನನ್ನ ಹೊಟ್ಟೆ ಮೌನವಾಗಲಿಲ್ಲ. ಗುರ್‍ರೆಂದು ಉದ್ದಕ್ಕೆ ರಾಗ ಎಳೆಯಿತು.

ತಂತ್ರಜ್ಞ ಹೌಹಾರಿ ಗುಂಡಿಗಳನ್ನೆಲ್ಲ ತಿರುಗಿಸಿದ. ನನ್ನ ಕೆಲಸ ಹೋಯಿತೆಂದೇ ಲೆಕ್ಕ! ಉಸಿರು ಬಿಗಿಹಿಡಿದು ಹವಾಮಾನಕ್ಕೆ ಬಂದೆ. ನಾಳೆ ಒಣಹವೆ, ಗುಡುಗಿನ ಸಾಧ್ಯತೆ ಇಲ್ಲ ಎಂದು ಓದಿದೆನೋ ಇಲ್ಲವೋ, ಹೊಟ್ಟೆ ಗುಡುಗುಡು ಎಂದು ಖಂಡಿಸಿತು. ನಿರ್ದೇಶಕಿಯ ಹುಬ್ಬು ಗಂಟಾಯಿತು. ಬೇರೆ ದಾರಿ ಕಾಣದೆ, ನಮ್ಮ ಕಸುಬಿನವರೆಲ್ಲ ಆಪತ್ತಿನಲ್ಲಿ ಪಠಿಸುವ ಮಂತ್ರವನ್ನೇ ಪಠಿಸಿದೆ: "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ."

ವಾರ್ತೆ ಮುಗಿದದ್ದೇ ತಡ, ತಂತ್ರಜ್ಞ ಸ್ಕ್ರೂಡ್ರೈವರ್ ಹಿಡಿದು ಒಳನುಗ್ಗಿದ. ಮೈಕು ಬಿಚ್ಚಿದ, ವೈರು ಎಳೆದ, ನನ್ನ ಕುರ್ಚಿಯನ್ನೂ ಬೋರಲು ಹಾಕಿದ.

"ಎಲ್ಲಾ ಸರಿಯಾಗೇ ಇದೆಯಲ್ಲ ಸಾರ್" ಎಂದು ಅಳುಮೋರೆ ಮಾಡಿದ.

ನಿರ್ದೇಶಕಿ ಅವನಿಗೆ ನೋಟಿಸು ಕೊಡುವ ಮಾತೆತ್ತಿದರು. ನಿಜ ಹೇಳಿದರೆ ನನ್ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಅವನ ಕೆಲಸಕ್ಕೆ. ಪಾಪದವನ ಮುಖ ನೋಡಲಾಗದೆ ಬಾಯಿ ತೆರೆದೆ. ಅಷ್ಟರಲ್ಲಿ ಕೇಳುಗರ ಫೋನು ಬಡಿದುಕೊಂಡಿತು. ನಿರ್ದೇಶಕಿ ಸ್ಪೀಕರ್ ಒತ್ತಿದರು. ನನ್ನ ಹೆಂಡತಿಯ ದನಿ!

"ಮೇಡಂ, ಯಂತ್ರಾನ ಬಿಚ್ಚೋಕೆ ಹೋಗ್ಬೇಡಿ. ಆ ಶಬ್ದ ನಂಗೊತ್ತು, ಮದುವೆ ಆದಾಗಿಂದ ಕೇಳ್ತಿದ್ದೀನಿ. ನಮ್ಮನೆಯವ್ರ ಬ್ಯಾಗಲ್ಲಿ ಛತ್ರಿ ಕೆಳಗೆ ಊಟದ ಡಬ್ಬಿ ಇಟ್ಟಿದ್ದೀನಿ. ಮೊದ್ಲು ತಿನ್ನೋಕೆ ಹೇಳಿ."

ಇಡೀ ಕಚೇರಿಯ ಎದುರು ಡಬ್ಬಿ ತೆರೆದೆ. ಮಾನ ಹೇಗೂ ಹೋಗಿತ್ತು, ಊಟವನ್ನೇಕೆ ಬಿಡಲಿ? ಬಳಿದು ತಿಂದೆ.

ಅಂಥ ಗದ್ದಲದಲ್ಲೂ ಒಂದಕ್ಷರ ತಪ್ಪಿರಲಿಲ್ಲವೆಂದು ನಿರ್ದೇಶಕಿ ನನ್ನನ್ನು ಕಾಯಂ ಮಾಡಿದರು. ಜೊತೆಗೊಂದು ಷರತ್ತು ಹಾಕಿದರು: ಕೆಂಪು ದೀಪ ಹತ್ತುವ ಮುನ್ನ ನಾನು ತಂತ್ರಜ್ಞನಿಗೆ ಖಾಲಿ ಡಬ್ಬಿ ತೋರಿಸಬೇಕು. ಅವನು ಮುಚ್ಚಳ ತೆಗೆದು, ಮೂಲೆಮೂಲೆ ಇಣುಕಿ, ಆಮೇಲೆಯೇ ಮೈಕು ಆನ್ ಮಾಡುತ್ತಾನೆ. ಷರತ್ತಿನ ಸುದ್ದಿ ಕೇಳಿದ ಮರುದಿನವೇ ಹೆಂಡತಿ ಡಬ್ಬಿಗೆ ಇನ್ನೊಂದು ಅಂತಸ್ತು ಏರಿಸಿದ್ದಾಳೆ!